ಅಟ್ಟದ ಕೆಳಗಿನ ತೊಟ್ಟಿಲು

ಅಟ್ಟ ಕುಸಿದರೆ ಮಗುವಿನ ಗತಿಯೇನು ಎಂಬ ಚಿಂತೆ ವಿಮಲೆಯನ್ನು ಬಿಟ್ಟಿರಲಿಲ್ಲ. ಕೊಬ್ಬರಿಯಾಗಲೆಂದು ಏರಿಸಿದ್ದ ಸಾವಿರಾರು ತೆಂಗಿನಕಾಯಿಗಳ ಕೆಳಗೇ ತೊಟ್ಟಿಲಿತ್ತು. ದಿನವೂ ಅವಳು ಅದನ್ನು ಪಡಸಾಲೆಗೆ ಎಳೆಯುವಳು; ಮಗುವಿಗೆ ಗಾಳಿ ತಾಕುತ್ತದೆಂದು ಅತ್ತೆ ಪುಟ್ಟಗಂಗಮ್ಮ ಮತ್ತೆ ಒಳಗೆ ತರುವರು. ಎಳೆದೆಳೆದು ವಿಮಲೆಯ ಸೊಂಟ ಸೋತಿತ್ತು.

“ಆ ಕಾಯಿ ಇಳಿಸಿ ಮಾರಿಬಿಡೋಣ, ಅತ್ತೆ.”

“ಹನ್ನೊಂದು ತಿಂಗ್ಳು ತುಂಬ್ದೆ ಕೊಬ್ರಿ ಆಗಲ್ಲ ಕಣೇ. ನಿಮ್ಮಾವ ಹಾಸಿಗೆ ಹಿಡಿದಾಗ ನಮ್ಮನ್ನ ಕಾಪಾಡಿದ್ದು ಈ ಅಟ್ಟದ ಕೊಬ್ರಿಯೇ. ಪೇಟೆಯೋಳಿಗೇನು ಗೊತ್ತು, ಬುಡು!”

ಇಂದು ತೊಲೆಯಿಂದ ಹುಳು ಕೊರೆದ ಮರದ ಪುಡಿ ಮಗುವಿನ ಹಣೆಯ ಮೇಲೆ ಉದುರಿತು. ಸೆರಗಿನಿಂದ ಒರೆಸಿದ ಅತ್ತೆ ತಲೆಯೆತ್ತಿ ತೊಲೆಯನ್ನು ನೋಡಿದರು.

ಇಷ್ಟು ದಿನ ಅತ್ತೆಗೆ ಅಂಜಿ ಹೊರಗೆ ಹೇಳದಿದ್ದ ವಿಮಲೆ ಅಂಚೆ ಕಚೇರಿಗೆ ನಡೆದು, ತುರುವೇಕೆರೆಯಲ್ಲಿ ಗುಮಾಸ್ತನಾಗಿದ್ದ ಗಂಡನಿಗೆ ಫೋನು ಮಾಡಿದಳು.

“ನಾಳೆಯೇ ಬಡಗಿಯನ್ನ ಕರ್ಕೊಂಡು ಬನ್ನಿ. ತೊಲೆಗೆ ಆಸರೆಯಾಗಿ ಒಂದು ಕಂಬ ನಿಲ್ಲಿಸಬೇಕು. ಕಾಯಿ ಅಲ್ಲೇ ಇರಲಿ.”