ಉಪ್ಪು ಕಾಣದ ಯಂತ್ರ

ಮದರಾಸಿನ ಪ್ರಯೋಗಶಾಲೆಯಲ್ಲಿ ನಾನು ಕೆಲಸಕ್ಕಿದ್ದಾಗ, ಕಣ್ಣಿಗೆ ಕಾಣದ ಅವಕೆಂಪು ಕಿರಣ ಹಾಯಿಸಿ ಮಣ್ಣಿನಲ್ಲಿ ಏನೇನಿದೆಯೆಂದು ತಿಳಿಸುವ ಹೊಸ ಯಂತ್ರ ಬಂತು. ಕಂಪ್ಲಿಯ ನಮ್ಮ ಗದ್ದೆಯ ಒಂದು ಮೂಲೆಯಲ್ಲಿ ಭತ್ತ ಒಣಗುತ್ತಿತ್ತು. ರಜೆಗೆ ಹೋದವನು ಆ ಮಣ್ಣನ್ನು ಡಬ್ಬಿಯಲ್ಲಿ ತಂದೆ. ಯಂತ್ರ ಜೇಡಿಯನ್ನೂ ಸುಣ್ಣವನ್ನೂ ಗುರುತಿಸಿತು, ಭತ್ತ ಒಣಗುವ ಕಾರಣವನ್ನಲ್ಲ. ಕೊನೆಗೆ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕುದಿಸಿದೆ. ತಳದಲ್ಲಿ ಉಪ್ಪು ಉಳಿಯಿತು. ಯಂತ್ರದೊಳಗೆ ಕಿರಣ ಹಾಯುವ ಹರಳೂ ಉಪ್ಪಿನದೇ. ಬೆಳಕು ಗಾಜನ್ನು ದಾಟುವಂತೆ ಆ ಕಿರಣ ಉಪ್ಪನ್ನು ದಾಟಿಹೋಗುತ್ತದೆ; ಅದಕ್ಕೇ ಯಂತ್ರಕ್ಕೆ ಉಪ್ಪು ಕಾಣದು.

ಊರಿಗೆ ಹೋಗಿ ಅಪ್ಪನಿಗೆ ಎಲ್ಲ ವಿವರಿಸಿದೆ.

“ಅಂದ್ರ, ಉಪ್ಪೊಂದು ಬಿಟ್ಟು ಎಲ್ಲಾ ಕಾಣತೈತೇನು?”

“ಹೌದಪ್ಪಾ.”

“ಭಾಳ ಚಲೋ ಯಂತ್ರ ಬಿಡಲೇ! ಈಗ ಸಲಿಕಿ ಹಿಡಿ.”

ಇಬ್ಬರೂ ಸೇರಿ ಉಪ್ಪುನೀರು ಬಸಿದುಹೋಗಲು ಕಾಲುವೆ ತೋಡಿದೆವು. ಮರುವರ್ಷ ಆ ಮೂಲೆಯಲ್ಲೂ ಭತ್ತ ತೆನೆ ಕಟ್ಟಿತು.