ಹಗಲಲ್ಲಿ ಹಾಕಿದ ಬಾಗಿಲು

ಕುರ್ಚಿಯ ಮೇಲೆ ಸರಿಯಾಗಿ ಕುಳಿತುಕೊಳ್ಳುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ. ಬಿ.ಎ. ಪಾಸಾದವಳು, ಮನೆತನದಲ್ಲೇ ಮೊದಲು ಪಾಸಾದವಳು, ಅದನ್ನು ಯಾರು ಕೇಳಲಿ ಬಿಡಲಿ ಹೇಳಿಕೊಂಡು ತಿರುಗುವವಳು ಇಂಥ ಮಾತು ಒಪ್ಪಿಕೊಳ್ಳುವುದು ಚಂದವಲ್ಲ. ಆದರೆ ಆ ಪದವಿಯನ್ನು ನಾನು ಓದಿದ್ದೆಲ್ಲ ನೆಲದ ಮೇಲೆ, ಊಟದ ಮಣೆಯನ್ನೇ ಮೇಜು ಮಾಡಿಕೊಂಡು. ಎತ್ತರದಲ್ಲಿ ಕುಳಿತು ಬರೆಯುವುದು ಪರೀಕ್ಷೆಯ ದಿನ ಮಾತ್ರ ಇತ್ತು. ಹೀಗಾಗಿ ಇಂದಿಗೂ ಎದುರಿಗೆ ಮೇಜು ಕಂಡರೆ ಕಣ್ಣು ಪ್ರಶ್ನೆಪತ್ರಿಕೆ ಹುಡುಕುತ್ತದೆ.

ನನ್ನದು ವಿಮಾ ಕಂಪನಿಯೊಂದರ ಫೋನಿನ ಕೆಲಸ. ಆಸ್ಪತ್ರೆಯ ಬಿಲ್ಲು ಇನ್ನೂ ಪಾಸಾಗಿಲ್ಲವೆಂದು ಸಿಟ್ಟಿಗೆದ್ದವರು ಕನ್ನಡದಲ್ಲೋ ಮರಾಠಿಯಲ್ಲೋ ಬೈಯುತ್ತಾರೆ. ನಾನು ಆಯಾ ಭಾಷೆಯಲ್ಲೇ ಸಮಾಧಾನ ಹೇಳುತ್ತೇನೆ. ನಿಪ್ಪಾಣಿಯಲ್ಲಿ ಹುಟ್ಟಿದ್ದಕ್ಕೆ ಎರಡೂ ಭಾಷೆ ಪುಕ್ಕಟೆ ಬಂದಿದ್ದವು. ಅವು ಮುಂದೊಂದು ದಿನ ಸಂಬಳ ತರುತ್ತವೆಂದು ಯಾರಿಗೆ ಗೊತ್ತಿತ್ತು? ಮದುವೆಯಾಗಿ ಏಕಸಂಬಿಗೆ ಬಂದ ಮೇಲೆ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದೆ. ನೆಮ್ಮದಿ ನನಗಿತ್ತು, ಕಂಪನಿಗೆ ಇರಲಿಲ್ಲ. ಒಮ್ಮೆ ಸೊಲ್ಲಾಪುರದ ಗ್ರಾಹಕರೊಬ್ಬರು, ತಮ್ಮ ಮಾತಿಗೆ ಮಧ್ಯೆ ಮಧ್ಯೆ ಹೂಂಗುಟ್ಟುತ್ತಿರುವ ಇನ್ನೊಬ್ಬರು ಯಾರೆಂದು ಕೇಳಿದರು. ಅದು ನಮ್ಮ ಎಮ್ಮೆ. ಅಷ್ಟರಲ್ಲೇ ಮೇಲಿನವರಿಂದ ಹೊಸ ನಿಯಮ ಬಂತು: ಪ್ರತ್ಯೇಕ ಕೋಣೆ ಇರಬೇಕು, ಬಾಗಿಲು ಹಾಕಿರಬೇಕು, ಹೊರಗಿನ ಸದ್ದು ಒಳಗೆ ಬರಬಾರದು. ಸಾಹೇಬರೊಬ್ಬರು ವಿಡಿಯೊದಲ್ಲಿ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಪುಣೆಯ ಕಚೇರಿಗೆ ಬಂದು ಕೂಡಬೇಕು. ನನ್ನ ಪಾಲಿಗೆ ಪುಣೆ ಎಂದರೆ ಕೆಲಸ ಬಿಟ್ಟ ಹಾಗೆಯೇ.

ಕಾಳಿನ ಖೋಲಿ ಖಾಲಿಯಾಯಿತು. ಖಾಲಿ ಎಂದರೆ ಜೋಳದ ಚೀಲಗಳು ಒಂದು ಗೋಡೆಗೆ ಸರಿದವು, ಅಷ್ಟೆ. ಆಮೇಲೆ ನನ್ನ ಗೊಂದಲ ಶುರುವಾಯಿತು. ಮೊಬೈಲಿನಲ್ಲಿ ಒಬ್ಬ ಪಂಡಿತರು ಬೆಳಕು ಎದುರಿನಿಂದ ಬರಬೇಕೆಂದರು, ಇನ್ನೊಬ್ಬರು ಪಕ್ಕದಿಂದ ಬರಬೇಕೆಂದರು. ಅತ್ತೆಯವರು ಪೂರ್ವಕ್ಕೆ ಮುಖ ಮಾಡಿ ಕೂಡಬೇಕೆಂದರು. ಖೋಲಿಯ ಒಂದೇ ಕಿಟಕಿ ಪಶ್ಚಿಮಕ್ಕಿತ್ತು, ನೆಟ್‌ವರ್ಕ್ ಬರುತ್ತಿದ್ದುದು ದಕ್ಷಿಣದ ಗೂಡಿನ ಹತ್ತಿರ. ಎಲ್ಲರ ಮಾತನ್ನೂ ನಡೆಸಲು ಹೋಗಿ ಮೇಜನ್ನು ಎಷ್ಟು ಸಲ ತಿರುಗಿಸಿದೆನೆಂದರೆ, ಇವಳು ಗಾಣ ಹೂಡಿದ್ದಾಳೋ ಏನೋ ಎಂದು ನಮ್ಮ ಮನೆಯವರು ನಕ್ಕರು. ಪಾಪ, ಕಬ್ಬಿನ ಕಟಾವಿನ ಗಡಿಬಿಡಿಯಲ್ಲೂ ಚಿಕ್ಕೋಡಿಯಿಂದ ಕಾಲಿಗೆ ಗಾಲಿ ಇರುವ ಆಫೀಸಿನ ಕುರ್ಚಿ ತಂದುಕೊಟ್ಟವರು ಅವರೇ. ಕುರ್ಚಿ ಹೊಲಸಾಗುತ್ತದೆಂದು ಅತ್ತೆ ಅದರ ಪ್ಲಾಸ್ಟಿಕ್ ತೆಗೆಯಗೊಡಲಿಲ್ಲ. ಇನ್ನು ನಮ್ಮ ಶಾಬಾದಿ ಕಲ್ಲಿನ ನೆಲಕ್ಕೆ, ತೊಳೆದ ನೀರು ಹರಿಯಲೆಂದು ಹಿರಿಯರು ಇಳಿಜಾರು ಕೊಟ್ಟಿದ್ದರು. ಗ್ರಾಹಕರ ದೂರು ಉದ್ದವಾದಷ್ಟೂ ನಾನು ಕುರ್ಚಿ ಸಮೇತ ಮೆಲ್ಲಗೆ ಜೋಳದ ಚೀಲಗಳ ಕಡೆಗೆ ಹೊರಟುಬಿಡುತ್ತಿದ್ದೆ. ಕೊನೆಗೆ ಕರುವಿನ ಹಗ್ಗದಿಂದ ಕುರ್ಚಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಡಿಗ್ರಿ ಮುಗಿಸಿದವಳನ್ನು ಕೊನೆಗೂ ಕಟ್ಟಿಹಾಕಿದ್ದು ಒಂದು ಕರುವಿನ ಹಗ್ಗ.

ಇದೆಲ್ಲ ಸುಧಾರಿಸಿತು. ಸುಧಾರಿಸದೆ ಉಳಿದದ್ದು ಬಾಗಿಲು. ನಮ್ಮ ಕಡೆ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆಂದರೆ ಒಳಗೆ ಜಡ್ಡಿನವರಿದ್ದಾರೆ, ಇಲ್ಲವೇ ಜಗಳವಾಗಿದೆ, ಇಲ್ಲವೇ ಇನ್ನೂ ಕೆಟ್ಟದ್ದು. ನಾನು ಬಾಗಿಲು ಹಾಕಿಕೊಂಡ ಮೊದಲ ದಿನ ಎದುರುಮನೆಯ ಶಾಂತಕ್ಕ ಬಂದು, ಸೊಸೆಗೆ ಜ್ವರವೇ ಎಂದು ವಿಚಾರಿಸಿದರು. ಮರುದಿನ, ಜ್ವರ ಇಲ್ಲವೆಂದ ಮೇಲೆ ಜಗಳವೇ ಇರಬೇಕೆಂದು ಅವರಿಗೆ ಖಾತ್ರಿಯಾಯಿತು. ಅತ್ತೆ ಎಲ್ಲರಿಗೂ ಕೊಡುತ್ತಿದ್ದ ಉತ್ತರ ಒಂದೇ:

“ಏನೂ ಇಲ್ಲ ಬಿಡ್ರೀ. ಒಳಗ ಸುಮ್ಮ ಕುಂತಾಳ.”

ನನಗೆ ಚುಚ್ಚಿದ್ದು ಆ ‘ಸುಮ್ಮ’. ಅದು ನನಗೆ ಹಳೆಯ ಪರಿಚಯದ ಮಾತು. ನಮ್ಮವ್ವ ಬದುಕಿಡೀ ಹೊಸ್ತಿಲಿನ ಬಳಿ ಕುಳಿತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಿದಳು. ಆ ಬೀಡಿಯ ಮೇಲೆಯೇ ನಾನು ಓದಿದೆ. ಆದರೂ ಓಣಿಯ ಲೆಕ್ಕದಲ್ಲಿ ಅವಳು ಸುಮ್ಮನೆ ಮನೆಯಲ್ಲಿರುವವಳು. ಕೂಸು ನೋಡಿಕೋ, ಕಾಳು ಒಣಗಿಸಿದ್ದೇವೆ ಕೋಳಿ ಓಡಿಸು, ಪೋಸ್ಟಿನವ ಬಂದರೆ ಪತ್ರ ಇಸಿದುಕೋ ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಬಾಗಿಲು ತೆರೆದಿದ್ದರೆ ಹಾಗೆ, ಹಾಕಿದರೆ ಹೀಗೆ. ಹಾಗಾದರೆ ಹೆಂಗಸಿನ ಕೆಲಸ ಕೆಲಸವಾಗಿ ಕಾಣಲು ಬಾಗಿಲು ಎಷ್ಟು ತೆರೆದಿರಬೇಕು? ಇದನ್ನು ಹೇಳುವ ವಿಡಿಯೊ ನನಗೆ ಸಿಗಲಿಲ್ಲ.

ಸಾಹೇಬರು ನೋಡುವ ದಿನ ಬಂತು. ಅದೇ ಹೊತ್ತಿಗೆ ನಮ್ಮವ್ವನೂ ಬಂದಳು. ಮಗಳು ಗಂಡನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದಾಳೆಂಬ ಸುದ್ದಿ ಬಸ್ಸಿನಲ್ಲಿ ನಿಪ್ಪಾಣಿ ಮುಟ್ಟಿತ್ತು. ಅಳಿಯ ಹೊಲದಲ್ಲಿದ್ದರು, ಕೇಳಬೇಕಾದ್ದನ್ನೆಲ್ಲ ಬೀಗಿತ್ತಿಗೇ ಕೇಳುವ ತಯಾರಿಯಿಂದ ಕೈಚೀಲ ಹಿಡಿದು ಅಂಗಳಕ್ಕೆ ಕಾಲಿಟ್ಟಳು. ನನಗೆ ವಿವರಿಸಲು ಪುರುಸೊತ್ತಿರಲಿಲ್ಲ. ಅವ್ವಾ, ಈ ಪರೀಕ್ಷೆ ತಪ್ಪಿದರೆ ಕೆಲಸ ಹೋಗುತ್ತದೆ, ಒಂದು ಸಪ್ಪಳವೂ ಆಗದಂತೆ ನೋಡಿಕೊಳ್ಳಿರೆಂದು ಇಬ್ಬರಿಗೂ ಹೇಳಿ ಒಳಗೆ ಹೋಗಿ ಚಿಲಕ ಹಾಕಿದೆ.

ಪರೀಕ್ಷೆ ಎಂಬ ಮಾತಿಗೆ ಅವ್ವನ ಮನಸ್ಸಿನಲ್ಲಿ ಭಾರಿ ಬೆಲೆ. ಅವಳು ಬಾಗಿಲಿನ ಈ ಪಕ್ಕ ಕುಳಿತಳು, ಅತ್ತೆ ಆ ಪಕ್ಕ. ಇಬ್ಬರೂ ಸೆರಗು ಹೊದ್ದು, ಗದ್ದಕ್ಕೆ ಕೈಕೊಟ್ಟು, ತುಟಿ ಪಿಟಕ್ಕೆನ್ನದೆ ಕುಳಿತರಂತೆ. ಶಾಂತಕ್ಕ ಇಣುಕಿ ನೋಡಿದರು. ನಿಪ್ಪಾಣಿಯಿಂದ ಬೀಗಿತ್ತಿ ಬಂದಿದ್ದಾಳೆ, ಬಾಗಿಲು ಹಾಕಿದೆ, ಇಬ್ಬರಿಗೂ ಬಾಯಿಲ್ಲ. ಏನೆಂದು ಸನ್ನೆಯಲ್ಲಿ ಕೇಳಿದರೆ ಅವ್ವ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. ಇನ್ನೇನು ಬೇಕು?

ಒಳಗೆ ನನಗೆ ಆಶ್ಚರ್ಯ. ಕಬ್ಬಿನ ಟ್ರ್ಯಾಕ್ಟರಿನ ಹಾಡು ಓಣಿಯ ತಿರುವಿನಲ್ಲೇ ನಿಂತುಹೋಯಿತು. ಹುಡುಗರ ಗದ್ದಲವಿಲ್ಲ, ಗಿರಣಿಯ ಸದ್ದಿಲ್ಲ. ಎಮ್ಮೆಯನ್ನು ಕೂಡ ಯಾರೋ ಹೊಡೆದುಕೊಂಡು ಹೋಗಿದ್ದರು. ಸಾಹೇಬರು ಪ್ಲಾಸ್ಟಿಕ್ ಹೊದ್ದ ಕುರ್ಚಿ ನೋಡಿದರು, ಗೋಡೆ ನೋಡಿದರು, ಕಿವಿಗೊಟ್ಟು ಕೇಳಿದರು. ಇಂಥ ಶಾಂತಿ ಪುಣೆಯ ಕಚೇರಿಯಲ್ಲೂ ಇಲ್ಲವೆಂದು ಮರಾಠಿಯಲ್ಲಿ ಮೆಚ್ಚಿ, ಪಾಸು ಮಾಡಿದರು. ಖುಷಿಗೆ ಎದ್ದು ಬಾಗಿಲು ತೆಗೆದೆ.

ಅಂಗಳದ ತುಂಬ ಜನ. ಹೆಂಗಸರು ತಲೆಯ ಮೇಲೆ ಸೆರಗೆಳೆದು ಕುಳಿತಿದ್ದರು, ಗಂಡಸರು ಟೋಪಿ ಕೈಯಲ್ಲಿ ಹಿಡಿದು ಕಟ್ಟೆಗೆ ಒರಗಿ ನಿಂತಿದ್ದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಶಾಂತಕ್ಕ ಆಗಲೇ ರೊಟ್ಟಿ, ಝುಣಕ ಮಾಡಿ ಬುಟ್ಟಿಯಲ್ಲಿ ತಂದಿದ್ದರು. ಬಾಗಿಲಲ್ಲಿ ನಗುತ್ತ ನಿಂತ ನನ್ನನ್ನು ಅವರು ಅಡಿಯಿಂದ ಮುಡಿಯತನಕ ನೋಡಿದರು.

“ಹಂಗಾರ ಹೋದವರು ಯಾರ ಬೇ?”

ಯಾರೂ ಹೋಗಿಲ್ಲ, ಕೆಲಸವೂ ಹೋಗಿಲ್ಲ ಎಂದೆ. ಅಂಗಳದವರು ನಕ್ಕರೋ, ಬೈದರೋ, ಎರಡೂ ಕೂಡಿಯೇ ಬಂತು. ತಂದ ರೊಟ್ಟಿ ವಾಪಸು ಒಯ್ಯುವುದು ಸರಿಯಲ್ಲವೆಂದು ಎಲ್ಲರೂ ಅಲ್ಲಿಯೇ ಕುಳಿತು ಉಂಡರು. ಝುಣಕಕ್ಕೆ ಉಪ್ಪು ಕಡಿಮೆಯಾಗಿತ್ತು. ದುಃಖದಲ್ಲಿ ಮಾಡಿದ್ದೆನೆಂದು ಶಾಂತಕ್ಕ ನನಗೇ ಗದರಿದರು.

ಜನ ಕರಗಿದ ಮೇಲೆ ಅವ್ವ ಖೋಲಿಯೊಳಗೆ ಬಂದಳು. ಮೇಜು ಮುಟ್ಟಿದಳು, ಹಗ್ಗ ಜಗ್ಗಿ ನೋಡಿದಳು, ಕುರ್ಚಿಯ ತುದಿಯಲ್ಲಿ ಕುಳಿತಳು. ಅಲ್ಲಿಂದಲೇ ಹೇಳಿದಳು:

“ನೀ ಹೊರಗ ಹೋಗು. ಬಾಗಲಾ ಹಾಕ್ಕೋ.”

ಹೊರಬಂದು ಬಾಗಿಲೆಳೆದುಕೊಂಡೆ. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಮತ್ತೆ ಏನೂ ಕೇಳಿಸಲಿಲ್ಲ. ಮೊರವಿಲ್ಲ, ಎಲೆಯಿಲ್ಲ, ಕೂಸು ನೋಡಿಕೋ ಎನ್ನುವವರಿಲ್ಲ. ಅವಳು ಅಲ್ಲಿ ಏನು ಮಾಡುತ್ತಿದ್ದಳೋ, ಅದು ಇಂದಿಗೂ ನನಗೆ ಬಗೆಹರಿದಿಲ್ಲ. ಮೇಜು ಯಾವ ದಿಕ್ಕಿಗಿದ್ದರೆ ಚಲೋ ಎಂಬುದೂ ಬಗೆಹರಿದಿಲ್ಲ.

ಬುಟ್ಟಿ ಒಯ್ಯಲು ಮರಳಿ ಬಂದ ಶಾಂತಕ್ಕ ಹಾಕಿದ ಬಾಗಿಲನ್ನು ಕಂಡು, ಈಗ ಬೀಗಿತ್ತಿಗೆ ಏನಾಯಿತೆಂದು ಗಾಬರಿಯಾದರು. ಅತ್ತೆ ಪಾತ್ರೆ ತೊಳೆಯುತ್ತಲೇ, ತಲೆ ಎತ್ತದೆ ಹೇಳಿದರು:

“ಏನಾಗಿಲ್ಲ. ಸಾವಕಾಶ ಮಾತಾಡ್ರೀ. ಒಳಗ ಕೆಲಸಾ ನಡದೈತಿ.”