ವಿಷಾದದ ಕಾಲಂ

ಕೊಲೆ ಮಾಡಿದವರ ಎದುರು ಕೂತು ಅವರ ಮಾತು ಕೇಳುವುದು ನನ್ನ ಕೆಲಸವಾಗಿತ್ತು. ಮೂಡುಬಿದಿರೆಯ ಕಾಲೇಜಿನಲ್ಲಿ ಸೋಶಿಯಾಲಜಿ ಕಲಿಸುತ್ತಿದ್ದೆ. ರಿಸರ್ಚ್ ಮಾತ್ರ ಕ್ರಿಮಿನಾಲಜಿ. ತೊಂಬತ್ತರ ದಶಕದಲ್ಲಿ ಹೆಂಗಸೊಬ್ಬಳು ಹ್ಯಾಂಡ್‌ಬ್ಯಾಗಿನಲ್ಲಿ ಟೇಪ್ ರೆಕಾರ್ಡರ್ ಹಾಕಿಕೊಂಡು ಜೈಲಿಗೆ ಹೋಗುವುದೆಂದರೆ ನಮ್ಮ ಕಡೆ ದೊಡ್ಡ ತಮಾಷೆ. ನನ್ನ ಗಂಡ ನೆಂಟರೆದುರು, "ಇವಳು ನನ್ನ ಮಾತು ಕೇಳಬೇಕಾದ್ರೆ ನಾನು ಯಾರನ್ನಾದ್ರೂ ಕಡೀಬೇಕು ಮಾರಾಯ್ರೆ" ಎನ್ನುತ್ತಿದ್ದರು. ವೇಣೂರಿನ ಬಸ್ಸಿನ ಕಂಡಕ್ಟರನದ್ದು ಇನ್ನೊಂದು. ಟಿಕೇಟು ಹರಿಯುತ್ತಾ, "ಟೀಚರೇ, ಇವತ್ತು ಯಾರ ಮನೆ? ಕಡಿದವನದ್ದಾ, ಕಡಿಸ್ಕೊಂಡವನದ್ದಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸುತ್ತಿದ್ದ.

ನಾನು ನಗುತ್ತಿದ್ದೆ. ಬಂಟ್ವಾಳದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಎರಡೇ ವಿಷಯ, ಇಂಗ್ಲಿಷ್ ಮತ್ತು ಸತ್ಯ. ಸತ್ಯವನ್ನು ಬಾಯಿಬಿಟ್ಟು ಹೇಳಿದರೆ ಮನುಷ್ಯ ಫ್ರೀ ಆಗುತ್ತಾನೆ ಎಂದು ಅವರು ಹೇಳಿದ್ದನ್ನು ಮುದುಕಿಯಾಗುವವರೆಗೂ ನಂಬಿದ್ದೆ. ಈ ನಂಬಿಕೆಯಿಂದಲೇ ಒಬ್ಬನಿಗೆ ಕೆಡುಕು ಮಾಡಿದೆ.

ಅವನು ವೇಣೂರಿನ ಹತ್ತಿರದ ಹಳ್ಳಿಯವನು. ಬೇಲಿಯ ಜಗಳದಲ್ಲಿ ಪಕ್ಕದ ಮನೆಯ ದಾಯಾದಿಯೊಬ್ಬನನ್ನು ಕತ್ತಿಯಿಂದ ಕಡಿದ ಕೇಸು. ಕಣ್ಣಾರೆ ಕಂಡ ಸಾಕ್ಷಿ ಇರಲಿಲ್ಲ, ಆದರೂ ಜೀವಾವಧಿ ಶಿಕ್ಷೆಯಾಯಿತು. ಘಟ್ಟದ ಮೇಲಿನ ಸೆಂಟ್ರಲ್ ಜೈಲಿನಲ್ಲಿ ಮಗ್ಗದ ವಿಭಾಗದಲ್ಲಿದ್ದ. ಇಂಟರ್‌ವ್ಯೂ ನಡೆಯುವಾಗ ಒಬ್ಬ ವಾರ್ಡರು ಕೋಣೆಯಲ್ಲಿ ಇರಲೇಬೇಕೆಂಬುದು ರೂಲು. ಆ ವಾರ್ಡರಿಗೆ ತುಳು ಬಾರದು. ಹಾಗಾಗಿ ನಾವಿಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದೆವು, ವಾರ್ಡರು ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಮೂರನೆಯ ಭೇಟಿಯಲ್ಲಿ ಅವನು ಟೇಪ್ ಆಫ್ ಮಾಡಿಸಿ ಹೇಳಿದ: "ಕಡಿದದ್ದು ನಾನೇ ಮೇಡಂ. ಆದ್ರೆ ನೀವು ಬರೀಬಾರ್ದು. ಅಮ್ಮ ಪ್ರಮಾಣ ಮಾಡಿದ್ದಾರೆ."

ನಡೆದದ್ದು ಇಷ್ಟು. ಅವನು ಅರೆಸ್ಟಾದ ಮೇಲೆ ಸತ್ತವನ ಮನೆಯವರು, ಕೋರ್ಟಿನ ಮಾತು ಕೋರ್ಟಿನಲ್ಲಿರಲಿ, ದೈವದ ನಡೆಯಲ್ಲಿ ಬಂದು ಹೇಳಿ ಎಂದು ಕರೆದರು. ತಾಯಿ ಹೋದರು. ಊರಿಡೀ ಸೇರಿದ್ದಲ್ಲಿ ದೈವಸ್ಥಾನದ ಮೆಟ್ಟಿಲಿಗೆ ಕೈಯಿಟ್ಟು, ನನ್ನ ಮಗ ಈ ಕೆಲಸ ಮಾಡಿದವನಲ್ಲ ಎಂದರು. ಅಲ್ಲಿಗೆ ಮುಗಿಯಿತು. ಕೇಸು ಬೆಳ್ತಂಗಡಿಗೂ ಮಂಗಳೂರಿಗೂ ಅಲೆದು ಕೋರ್ಟು ಏನು ಹೇಳಿದರೂ ಊರು ಆ ತಾಯಿಯ ಮಾತನ್ನೇ ಹಿಡಿಯಿತು. ಮದುವೆಗೆ ಕರೆದರು, ಅವರ ಮನೆಯ ನೀರು ಕುಡಿದರು. ಸತ್ತವನ ಮನೆಯವರೂ ಬಾಯಿ ಮುಚ್ಚಿದರು. ದೈವದೆದುರು ಸುಳ್ಳು ಹೇಳುವವರು ಉಂಟಾ?

ಒಂದು ಕಷ್ಟವೆಂದರೆ, ಅವಧಿಗೆ ಮುಂಚೆ ಬಿಡುಗಡೆಯಾಗಬೇಕಾದರೆ ಮಂಡಳಿಯ ಎದುರು ನಿಲ್ಲಬೇಕು. ಅವರ ಫಾರ್ಮಿನಲ್ಲಿ 'ಕೃತ್ಯದ ಬಗ್ಗೆ ವಿಷಾದ ಉಂಟೇ?' ಎಂಬ ಕಾಲಂ ಇತ್ತು. ಮಾಡಿದ್ದೇನೆ ಎಂದು ಒಪ್ಪದವನಿಗೆ ವಿಷಾದ ಎಲ್ಲಿಂದ? ಮೊದಲ ಸಲ ಅವನು "ನಾನು ಮಾಡಿಲ್ಲ" ಎಂದ. ಅರ್ಜಿ ಬಿದ್ದುಹೋಯಿತು. ಪೆರೋಲಂತೂ ಒಮ್ಮೆಯೂ ಸಿಗಲಿಲ್ಲ. ಶಾಂತಿಭಂಗವಾದೀತೆಂದು ಪೊಲೀಸರು ಪ್ರತಿ ಸಲ ಬರೆಯುತ್ತಿದ್ದರು.

"ಒಂದು ಮಾತು ಒಪ್ಪಿಕೊಂಡ್ರೆ ಅಮ್ಮನ ಹತ್ತಿರ ಹೋಗಬಹುದಲ್ಲ?" ಎಂದೆ.

"ಒಪ್ಪಿದ್ರೆ ಪೊಲೀಸರು ಊರಲ್ಲಿ ಬಂದು ವಿಚಾರಿಸ್ತಾರೆ. ಅಮ್ಮ ನನ್ನನ್ನು ನಂಬಿ ಮಾಡಿದ ಪ್ರಮಾಣ. ಅವರಿಗೆ ಗೊತ್ತಾದ್ರೆ ಮತ್ತೆ ಬದುಕ್ತಾರಾ?"

ತಾಯಿಯನ್ನು ನೋಡಲು ಹೋದದ್ದು ರಿಸರ್ಚಿಗಾಗಿ. ಆಮೇಲೆ ಯಾಕೆ ಹೋಗುತ್ತಿದ್ದೆನೋ ನನಗೇ ಸರಿಯಾಗಿ ತಿಳಿಯದು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಜಗಲಿಯಲ್ಲಿ ಕೂತಿರುತ್ತಿದ್ದರು. ನನ್ನನ್ನು ಕಂಡೊಡನೆ ಬೆಲ್ಲ ನೀರು ತಂದಿಟ್ಟು, "ದಪ್ಪ ಆಗಿದ್ದೀರಿ ಟೀಚರೇ, ಜೈಲಿನ ಊಟ ಹಿಡಿಸ್ತದೆ ಕಾಣ್ತದೆ" ಎಂದು ಚುಚ್ಚುತ್ತಿದ್ದರು. ಮಗ ಏನು ತಿನ್ನುತ್ತಾನೆ, ಮಗ್ಗದಲ್ಲಿ ಏನು ನೇಯುತ್ತಾನೆ, ತಲೆ ಬೆಳ್ಳಗಾಗಿದೆಯೋ — ಎಲ್ಲ ಹೇಳಬೇಕಿತ್ತು. ಆ ಒಂದು ಮಾತನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ.

ಒಂದು ದಿನ ಬೀಡಿಗೆ ನೂಲು ಸುತ್ತುತ್ತಲೇ ಕೇಳಿದರು, "ಅವ ನಿಮ್ಮ ಹತ್ತಿರ ಹೇಳಿದ್ದಾನಾ?"

"ಏನಮ್ಮಾ?"

"ಏನು ಅಂತ ನಿಮಗೆ ಗೊತ್ತುಂಟು."

ಅವರು ಪಕ್ಕದ ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಆ ದಿನ ಬಾವಿಕಟ್ಟೆಯಲ್ಲಿ ಅವನ ಹೆಗಲಿನ ಬೈರಾಸು ಒಗೆದದ್ದು ನಾನಲ್ವಾ? ಮೂರು ನೀರಿಗೂ ಕೆಂಪು ಹೋಗಲಿಲ್ಲ. ಗೊತ್ತಿದ್ದೇ ಕೈ ಇಟ್ಟದ್ದು. ನನಗೆ ಗೊತ್ತುಂಟು ಅಂತ ಅವನಿಗೆ ಗೊತ್ತಾಗ್ಬಾರ್ದು ಟೀಚರೇ. ಅಮ್ಮ ನನ್ನನ್ನು ನಂಬಿದ್ದಾರೆ ಅಂತ ಅವ ಅಲ್ಲಿ ಜೀವ ಹಿಡ್ಕೊಂಡಿದ್ದಾನೆ."

ಪ್ರಾಮಿಸ್ ಮಾಡಿದೆ. ಬಸ್ಸಿನಲ್ಲಿ ಮೂಡುಬಿದಿರೆಗೆ ಬರುವಾಗ ಎರಡು ಬಾಗಿಲು ಹೊರಗಿನಿಂದ ಹಾಕಿದ ಕೋಣೆಯಲ್ಲಿ ಕೂತಂತಾಗಿತ್ತು. ಇಬ್ಬರೂ ಒಬ್ಬರಿಗೊಬ್ಬರು ಕಾವಲು ಕೂತಿದ್ದರು, ಮತ್ತು ಅದನ್ನು ಬಲ್ಲವಳು ನಾನೊಬ್ಬಳೇ. ಕಾನ್ಫಿಡೆನ್ಶಿಯಾಲಿಟಿ ಎಂದು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದವಳು. ಯಾರ ಹತ್ತಿರವೂ ಹೇಳುವಂತಿಲ್ಲ, ಗಂಡನ ಹತ್ತಿರವೂ. ಕ್ಲಾಸಿನಲ್ಲಿ ಪಾಠ ಮಧ್ಯದಲ್ಲಿ ಮರೆತುಹೋಗುತ್ತಿತ್ತು. ತಿಂಗಳುಗಟ್ಟಲೆ ನನ್ನನ್ನೇ ಕೇಳಿಕೊಂಡೆ: ಅವನು ಹೆದರುವುದು ತಾಯಿಗೆ ತಿಳಿದೀತೆಂದು, ತಾಯಿಗೆ ತಿಳಿದೇ ಇದೆ, ಹಾಗಾದರೆ ಹೆದರಿಕೆಯೇ ಇಲ್ಲವಲ್ಲ? ಸಿಂಪಲ್ ಲಾಜಿಕ್.

ಮಂಡಳಿ ಎರಡನೆಯ ಸಲ ಕೂರುವ ಮೊದಲು ಜೈಲಿಗೆ ಹೋಗಿ ಅವನಿಗೆ ಹೇಳಿಬಿಟ್ಟೆ. ವಾರ್ಡರು ಎಂದಿನಂತೆ ತೂಕಡಿಸುತ್ತಿದ್ದ.

ಅವನ ಮುಖ ಸಡಿಲಾಗುತ್ತದೆಂದು ಕಾದಿದ್ದೆ. ಅವನು ಕುರ್ಚಿಯ ಕೈ ಹಿಡಿದುಕೊಂಡ.

"ಅಮ್ಮನಿಗೆ ಗೊತ್ತಿತ್ತು?"

"ಮೊದಲಿನಿಂದಲೂ."

"ಗೊತ್ತಿದ್ದೂ ಮೆಟ್ಟಿಲಿಗೆ ಕೈ ಇಟ್ರಾ?" ಆಮೇಲೆ ತೀರಾ ಮೆಲ್ಲಗೆ ಹೇಳಿದ: "ಗೊತ್ತಿಲ್ಲದೆ ಹೇಳಿದ್ರೆ ಮಗ ಮೋಸ ಮಾಡಿದ, ಪಾಪ ಅಂತ ಜನ ಬಿಡ್ತಾರೆ ಮೇಡಂ. ದೈವವೂ ಬಿಡ್ತದೆ. ಗೊತ್ತಿದ್ದು ಹೇಳಿದ್ದು ಅಂತ ಆದ್ರೆ ಆ ಊರಲ್ಲಿ ಅವರ ಕೈಯ ನೀರು ಯಾರು ಮುಟ್ತಾರೆ? ನಿನ್ನೆವರೆಗೆ ನನಗೊಂದು ಆಸೆ ಇತ್ತು. ಇನ್ನು ಮೂರ್ನಾಲ್ಕು ವರ್ಷ ಹೋಗ್ಲಿ, ಊರು ಮರೀತದೆ, ಅಮ್ಮನ ಕಾಲಿಗೆ ಬಿದ್ದು ಒಪ್ಪಿಕೊಳ್ಳುವ ಅಂತ. ಈಗ ಅದೂ ಇಲ್ಲ. ನಾನು ಒಪ್ಪಿದ ದಿನ ಊರು ಅವರನ್ನೇ ಕೇಳ್ತದೆ, ನಿಮಗೆ ಗೊತ್ತಿತ್ತಾ ಅಂತ."

ಏಳುವಾಗ, "ಅವರ ಮಾತು ನನಗೆ ಹೇಳಿದ್ರಿ. ನನ್ನ ಮಾತು ಅವರಿಗೆ ಹೇಳಿದ್ದೀರಾ?" ಎಂದು ಕೇಳಿದ. ಇಲ್ಲವೆಂದೆ. ಅವನು ನಂಬಿದಂತೆ ಕಾಣಲಿಲ್ಲ. ಆಮೇಲೆ ನನ್ನ ಇಂಟರ್‌ವ್ಯೂಗೆ ಬರಲೇ ಇಲ್ಲ.

ಎಕ್ಸ್‌ಪರ್ಟ್ ಎಂದು ಮಂಡಳಿಯ ಟೇಬಲ್ಲಿನ ತುದಿಯಲ್ಲಿ ನನಗೂ ಒಂದು ಕುರ್ಚಿ ಹಾಕಿದ್ದರು. ಅವನು ನನ್ನನ್ನೇ ನೋಡುತ್ತಾ, "ನಾನು ಮಾಡಿಲ್ಲ" ಎಂದ. ಅಧ್ಯಕ್ಷರು ನನ್ನ ಕಡೆ ತಿರುಗಿ, "ಮೇಡಂ, ನಿಮ್ಮ ಒಪೀನಿಯನ್?" ಎಂದರು. ನೋ ಕಾಮೆಂಟ್ಸ್ ಎಂದೆ. ಬೇರೇನು ಹೇಳಿದರೂ ಇಬ್ಬರಲ್ಲಿ ಒಬ್ಬರು ಸಾಯುತ್ತಿದ್ದರು.

ಅರ್ಜಿ ಬಿದ್ದ ಸುದ್ದಿ ವೇಣೂರಿಗೆ ನಾನೇ ಒಯ್ದೆ. ತಾಯಿ ಅಳಲಿಲ್ಲ. "ನೀವು ಅವನ ಹತ್ತಿರ ಏನೂ ಹೇಳಿಲ್ಲ ಅಲ್ವಾ ಟೀಚರೇ?" ಎಂದು ಮಾತ್ರ ಕೇಳಿದರು. ಇಲ್ಲಮ್ಮಾ ಎಂದೆ. ಜೀವಮಾನದಲ್ಲಿ ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದಿಲ್ಲ. ಅವರು ಉಸಿರು ಬಿಟ್ಟು, ಬೆಲ್ಲದ ತುಂಡನ್ನು ನನ್ನ ಕಡೆ ಸರಿಸಿದರು. ಅಲ್ಲಿಂದ ಮೇಲೆ ಹೋಗದಿರಲು ಧೈರ್ಯವಾಗಲಿಲ್ಲ. ನಿಲ್ಲಿಸಿದರೆ ಅನುಮಾನ ಬಂದೀತೆಂದು ತಿಂಗಳು ತಿಂಗಳು ಹೋದೆ. ರಿಟೈರ್ ಆದ ಮೇಲೂ.

ಎರಡು ಸಾವಿರದ ನಂತರದ ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು. ಮುಂದಿನ ಸಲ ಮಂಡಳಿ ಕೂತಾಗ, ರಿಟೈರ್ ಆದರೂ, ನಾನು ಅದೇ ಕುರ್ಚಿಯಲ್ಲಿದ್ದೆ. ಅವನು ಅಧ್ಯಕ್ಷರು ಪ್ರಶ್ನೆ ಮುಗಿಸುವ ಮೊದಲೇ, "ಹೌದು, ನಾನೇ ಕಡಿದದ್ದು. ತಪ್ಪಾಯಿತು" ಎಂದ. ವಿಷಾದದ ಕಾಲಂ ತುಂಬಿತು. ಅಧ್ಯಕ್ಷರಿಗೆ ಬಹಳ ಸಂತೋಷ. "ನೋಡಿ ಮೇಡಂ, ಇಷ್ಟು ವರ್ಷದ ನಿಮ್ಮ ಕೌನ್ಸೆಲಿಂಗ್ ಕೊನೆಗೂ ವರ್ಕ್ ಆಯ್ತು" ಎಂದರು. ಥ್ಯಾಂಕ್ ಯೂ ಸರ್ ಎಂದೆ.

ಹೊರಗೆ ವರಾಂಡದ ಬೆಂಚಿನಲ್ಲಿ ಅವನು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ವರ್ಷಗಳ ಮೇಲೆ ತುಳುವಿನಲ್ಲಿ ಕೇಳಿದ:

"ಅಮ್ಮನ ಸುಡುವಲ್ಲಿಗೆ ಊರಿನವರು ಬಂದಿದ್ರಾ?"

"ಎಲ್ಲರೂ ಬಂದಿದ್ರು. ಪಕ್ಕದ ಮನೆಯವರೂ."

"ಅವರೂ ಬಂದ್ರಾ!" ತಲೆ ಆಡಿಸಿದ.

"ಇನ್ನು ಊರಿಗೆಲ್ಲ ಗೊತ್ತಾಗ್ತದೆ," ಎಂದೆ.

"ಗೊತ್ತಾಗ್ಲಿ. ಕೇಳುವವರು ಬಂದು ನನ್ನ ಹತ್ತಿರ ಕೇಳ್ಲಿ."